ಬಿರುದೂ ಬರಹವೂ: ಪದಾರ್ಥ ವಿಜ್ಞಾನದ ಡಾಕ್ಟರ್ ಪದವಿ



ಮನೆಯ ಮಗನೋ ಮಗಳೋ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆ ಹೊಂದಿ ಊರಿಗೆ ಬಂದಾಗ ಹಿರಿಯರ ಮನಸ್ಸಿನಲ್ಲಿ ಮೊದಲು ಮೂಡುವ ಯೋಚನೆಯು ಉದ್ಯೋಗದ್ದಾಗಿರುವುದು. ಹೊಲದ ಹುಟ್ಟುವಳಿಯಲ್ಲಿ ಒಂದು ಪಾಲನ್ನು ವರ್ಷ ವರ್ಷವೂ ತೆಗೆದಿಟ್ಟು, ಮಳೆ ಬಾರದ ವರ್ಷದಲ್ಲಿ ಸಾಲವನ್ನಾದರೂ ಮಾಡಿ ಓದಿಸಿದ ತಂದೆತಾಯಿಗಳಿಗೆ ಆ ಯೋಚನೆ ಬರುವುದು ಸಹಜವೂ ನ್ಯಾಯವೂ ಆದುದು. ಅಂತಹ ಸಮಯದಲ್ಲಿ ಆ ವಿದ್ಯಾರ್ಥಿಯು, ತಾನು ಪದಾರ್ಥ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬೇಕೆಂದಿರುವುದಾಗಿಯೂ ಅದಕ್ಕೆ ಇನ್ನೂ ಐದಾರು ವರ್ಷಗಳು ಬೇಕೆಂದೂ ತಿಳಿಸಿದರೆ ಮನೆಯಲ್ಲಿ ಒಂದು ಕ್ಷಣ ಮೌನವು ಕವಿಯುವುದುಂಟು. "ಇಷ್ಟು ಓದಿದ ಮೇಲೂ ಇನ್ನೇನು ಓದುವುದು ಉಳಿದಿದೆ? ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದುಕೊಳ್ಳುವುದಕ್ಕಾಗಿ ಇಷ್ಟು ವರ್ಷ ಬೇಕೇ?" ಎಂಬ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಿಯೇ ಕೇಳುವರು.

ಈ ಪ್ರಶ್ನೆಯನ್ನು ಅಜ್ಞಾನದ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಯೌವನದ ಅತ್ಯುತ್ತಮವಾದ ಐದಾರು ವರ್ಷಗಳನ್ನು ಒಂದು ಕಾರ್ಯಕ್ಕೆ ಮುಡಿಪಾಗಿಡುವ ಮುನ್ನ ಅದರಿಂದ ದೊರೆಯುವುದೇನು ಎಂಬುದನ್ನು ವಿಚಾರಿಸಿ ತಿಳಿಯುವುದು ವಿವೇಕಿಗಳ ಲಕ್ಷಣವೇ ಸರಿ. ಬಹು ಮಂದಿ ವಿದ್ಯಾರ್ಥಿಗಳು ಕೂಡ ಇದಕ್ಕೆ ಸರಿಯಾದ ಉತ್ತರವನ್ನು ಅರಿಯದೆಯೇ ಈ ಮಾರ್ಗವನ್ನು ಹಿಡಿಯುತ್ತಾರೆ. ಅರ್ಧದಾರಿಯಲ್ಲಿ ಬೇಸತ್ತು ನಿಲ್ಲುತ್ತಾರೆ. ಆದಕಾರಣ ಈ ಪದವಿಯ ಸ್ವರೂಪವೇನು, ಅದರಲ್ಲಿ ಸಾರವಾದುದು ಯಾವುದು, ತೊಗಟೆಯಾದುದು ಯಾವುದು ಎಂಬುದನ್ನು ಇಂದಿನ ಸಭೆಯಲ್ಲಿ ಕ್ರಮವಾಗಿ ಆಲೋಚಿಸುವುದು ಉಚಿತವಾಗಿದೆ.

ಮೊದಲು ಶಾಸ್ತ್ರದ ವಿಷಯ. ಜಗತ್ತಿನಲ್ಲಿ ಮನುಷ್ಯನು ಬಳಸುವ ಸಕಲ ವಸ್ತುಗಳೂ ಪರಮಾಣುಗಳಿಂದಾದುವು. ಆದರೆ ಯಾವ ಪರಮಾಣುಗಳಿವೆ ಎಂದು ತಿಳಿದ ಮಾತ್ರಕ್ಕೆ ವಸ್ತುವಿನ ಗುಣವು ತಿಳಿಯುವುದಿಲ್ಲ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟು ಶುದ್ಧ ಇಂಗಾಲ, ವಜ್ರವೂ ಇಂಗಾಲವೇ. ಮೊದಲನೆಯದು ಕಾಗದಕ್ಕೆ ತಗುಲಿದರೆ ಸವೆದು ಗೀಟಾಗುವುದು. ಎರಡನೆಯದು ಗಾಜನ್ನು ಕೊರೆಯುವುದು. ಒಂದರಲ್ಲಿ ಪರಮಾಣುಗಳು ಹಾಳೆ ಹಾಳೆಯಾಗಿ ಜೋಡಿಕೊಂಡಿವೆ. ಇನ್ನೊಂದರಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಸುತ್ತಲಿನ ನಾಲ್ಕನ್ನು ಎಲ್ಲ ದಿಕ್ಕುಗಳಿಂದಲೂ ಬಿಗಿಯಾಗಿ ಹಿಡಿದುಕೊಂಡಿದೆ. ಜೋಡಣೆಯ ಈ ಭೇದದಿಂದಲೇ ಗುಣದ ಭೇದ. ಅಂತೆಯೇ ಬಣ್ಣವಿಲ್ಲದ ಕುರಂದದ ಕಲ್ಲಿನಲ್ಲಿ ನೂರಕ್ಕೆ ಒಂದರಷ್ಟೋ ಅದಕ್ಕಿಂತಲೂ ಕಡಿಮೆಯೋ ಕ್ರೋಮಿಯಂ ಸೇರಿದರೆ ಅದು ಕೆಂಪಾಗಿ ಮಾಣಿಕ್ಯವೆನಿಸುವುದು. ವಸ್ತುವಿನ ಒಳಗಣ ರಚನೆ, ಅದನ್ನು ಸಿದ್ಧಪಡಿಸಿದ ವಿಧಾನ, ಅದರಿಂದ ಹುಟ್ಟಿದ ಗುಣ, ಆ ಗುಣದ ಉಪಯೋಗ, ಇವುಗಳಿಗೆ ಇರುವ ಸಂಬಂಧವನ್ನು ಅರಸುವ ಶಾಸ್ತ್ರವೇ ಪದಾರ್ಥ ವಿಜ್ಞಾನ. ವಿಶ್ವವಿದ್ಯಾನಿಲಯಗಳು ಮೆಟೀರಿಯಲ್ಸ್ ಸೈನ್ಸ್ ಎಂದು ಕರೆಯುವುದು ಇದನ್ನೇ.

ಈ ಶಾಸ್ತ್ರದ ಹೆಸರು ಹೊಸದಾದರೂ ಅದರ ವಸ್ತುವು ನಮ್ಮ ನಾಡಿಗೆ ಹೊಸದಲ್ಲ. ಕನ್ನಡ ತೆಲುಗು ಸೀಮೆಗಳ ಕಮ್ಮಾರರು ಶತಮಾನಗಳ ಕಾಲ ಮೂಸೆಗಳಲ್ಲಿ ಉಕ್ಕನ್ನು ಕರಗಿಸಿ ತೆಗೆಯುತ್ತಿದ್ದರು. ಯುರೋಪಿನವರು ಅದನ್ನು ವೂಟ್ಸ್ ಎಂದು ಕರೆದರು. ಉಕ್ಕು ಎಂಬ ನಮ್ಮ ಮಾತೇ ಅವರ ಬಾಯಲ್ಲಿ ಆ ರೂಪವನ್ನು ತಾಳಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸುವ ವಿಧಾನವನ್ನು ವಿವರವಾಗಿ ಬರೆದಿಟ್ಟನು. ಆ ಕಡ್ಡಿ ಎಲೆಗಳು ಸುಟ್ಟು ಕೊಟ್ಟ ಇಂಗಾಲವೇ ಮೆದು ಕಬ್ಬಿಣವನ್ನು ಗಟ್ಟಿ ಉಕ್ಕನ್ನಾಗಿ ಮಾಡುತ್ತಿದ್ದಿತು.

ಕಮ್ಮಾರನಿಗೆ ಉಕ್ಕನ್ನು ಮಾಡುವ ಬಗೆ ತಿಳಿದಿದ್ದಿತು. ಅದು ಏಕೆ ಹಾಗಾಗುವುದೆಂಬುದನ್ನು ಹುಡುಕುವ ಕಾರ್ಯವು ಬೇರೆ ಕಡೆ ನಡೆಯಿತು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಈ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಲೇಖನವನ್ನೊಪ್ಪಿಸಿದನು. ತರುವಾಯ ಪ್ರಸಿದ್ಧ ವಿಜ್ಞಾನಿ ಮೈಕೇಲ್ ಫ್ಯಾರಡೆಯು, ಚಾಕು ಕತ್ತರಿಗಳನ್ನು ತಯಾರಿಸುತ್ತಿದ್ದ ಸ್ಟೋಡಾರ್ಟ್ ಎಂಬವನೊಡನೆ ಸೇರಿ ಇದೇ ಉಕ್ಕನ್ನು ಅಭ್ಯಸಿಸಿ, ೧೮೨೦ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಅದರ ವಿಶೇಷ ಗುಣಕ್ಕೆ ಅಲ್ಯುಮಿನಿಯಮ್ಮಿನ ಅಂಶವು ಕಾರಣವೆಂದು ಫ್ಯಾರಡೆಯು ಭಾವಿಸಿದನು. ಆ ಭಾವನೆಯು ತಪ್ಪೆಂದು ಮುಂದೆ ಗೊತ್ತಾಯಿತು. ಇಂಗಾಲದ ಪ್ರಮಾಣ ಮತ್ತು ಅದು ಲೋಹದಲ್ಲಿ ಹರಡಿಕೊಂಡ ರೀತಿ ಇವೇ ಮುಖ್ಯ ಕಾರಣಗಳೆಂದು ಸಿದ್ಧವಾಯಿತು. ಹೀಗೆ ತಪ್ಪಿದರೂ ಫ್ಯಾರಡೆಯ ಗೌರವಕ್ಕೆ ಕುಂದು ಬರಲಿಲ್ಲ. ಮಾಡಿದ ಪ್ರಯೋಗವನ್ನು ಅವನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರಿಂದಲೇ ಇತರರು ಅದನ್ನು ಮರಳಿ ಮಾಡಿ ನೋಡಿ ತಿದ್ದಲು ಸಾಧ್ಯವಾಯಿತು. ಈ ಅಂಶವನ್ನು ನೆನಪಿನಲ್ಲಿಡಬೇಕು. ಡಾಕ್ಟರ್ ಪದವಿಯ ಮರ್ಮವು ಇದರಲ್ಲಿಯೇ ಅಡಗಿದೆ.

ಬಿ.ಎಸ್‌ಸಿ., ಎಂ.ಎಸ್‌ಸಿ. ಮುಂತಾದ ಪದವಿಗಳಲ್ಲಿ ವಿದ್ಯಾರ್ಥಿಗೆ ಕೇಳುವ ಪ್ರಶ್ನೆಗೆ ಉತ್ತರವು ಮೊದಲೇ ಗೊತ್ತಿರುವುದು. ಪುಸ್ತಕದಲ್ಲಿದೆ, ಅಧ್ಯಾಪಕರಿಗೆ ತಿಳಿದಿದೆ. ವಿದ್ಯಾರ್ಥಿಯು ಅದನ್ನು ಕಲಿತು ಒಪ್ಪಿಸಿದರೆ ಸಾಕು. ಪಿಎಚ್.ಡಿ.ಯಲ್ಲಿ ಹಾಗಲ್ಲ. ಅಲ್ಲಿ ಹಿಡಿಯತಕ್ಕ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ಇನ್ನೂ ಉತ್ತರವನ್ನು ಕೊಟ್ಟಿರಬಾರದು. ಗುರುವಿಗೂ ಉತ್ತರ ತಿಳಿಯದು. ದಾರಿ ಮಾತ್ರ ಕೊಂಚಮಟ್ಟಿಗೆ ತಿಳಿದಿರಬಹುದು. ಹೊಸದಾದ, ಸಣ್ಣದಾದರೂ ಸರಿ, ನಿಶ್ಚಿತವಾದ ಒಂದು ಸಂಗತಿಯನ್ನು ಮನುಷ್ಯರ ಜ್ಞಾನಭಂಡಾರಕ್ಕೆ ಸೇರಿಸಬೇಕು. ಆ ಕಾರ್ಯವನ್ನು ಸ್ವತಂತ್ರವಾಗಿ ಮಾಡಬಲ್ಲನೆಂದು ಬಲ್ಲವರು ಪರೀಕ್ಷಿಸಿ ಒಪ್ಪಿದ ಮೇಲೆ ದೊರೆಯುವ ಮುದ್ರೆಯೇ ಆ ಪದವಿ.

ಈ ಕಾರ್ಯದ ದಿನಚರಿಯನ್ನು ಹೊರಗಿನವರು ನೋಡಿದರೆ ಅದರಲ್ಲಿ ವೈಭವವೇನೂ ಕಾಣದು. ಹೊಸದೊಂದು ಸಂಯುಕ್ತವನ್ನು ಮಾಡಬೇಕೆನ್ನುವ ವಿದ್ಯಾರ್ಥಿಯು ಎರಡು ಮೂರು ಪುಡಿಗಳನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಅಗೇಟ್ ಕಲ್ಲಿನ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೆದು, ಬಿಲ್ಲೆಯಾಗಿ ಒತ್ತಿ, ಸಾವಿರ ಡಿಗ್ರಿಯ ಕುಲುಮೆಯಲ್ಲಿ ಒಂದೆರಡು ದಿನ ಇಡುತ್ತಾನೆ. ಆರಿದ ಮೇಲೆ ತೆಗೆದು, ಎಕ್ಸ್-ಕಿರಣಗಳನ್ನು ಹಾಯಿಸಿ ಪರಮಾಣುಗಳ ಜೋಡಣೆಯನ್ನು ನೋಡುತ್ತಾನೆ. ಬಯಸಿದ ಸಂಯುಕ್ತವು ಬಂದಿರುವುದಿಲ್ಲ. ಅಥವಾ ಬಂದಿದ್ದರೂ ಅದರೊಡನೆ ಬೇಡದ ಇನ್ನೊಂದು ಬೆರೆತಿರುತ್ತದೆ. ಮತ್ತೆ ಅರೆಯುವುದು, ಮತ್ತೆ ಕಾಯಿಸುವುದು. ಉಷ್ಣತೆಯನ್ನು ಐವತ್ತು ಡಿಗ್ರಿ ಹೆಚ್ಚಿಸಿ ನೋಡುವುದು, ಗಾಳಿಗೆ ಬದಲಾಗಿ ಆಮ್ಲಜನಕವನ್ನು ಹಾಯಿಸಿ ನೋಡುವುದು. ಹೀಗೆ ತಿಂಗಳುಗಳು ಉರುಳುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಬಳಸಲು ಸರದಿಯು ಬರುವವರೆಗೆ ಕಾಯಬೇಕು. ಬಂದ ದಿನ ಯಂತ್ರವು ಕೆಟ್ಟಿರಬಹುದು. ಎರಡನೆಯ ವರ್ಷದ ಕೊನೆಗೆ ಕೈಯಲ್ಲಿ ಏನೂ ಇಲ್ಲವೆಂದು ವಿದ್ಯಾರ್ಥಿಯು ಕುಗ್ಗಿ ಹೋಗುವುದು ಅಪರೂಪವಲ್ಲ. ಅದೇ ಸಮಯದಲ್ಲಿ ಅವನ ಜೊತೆಗಾರರು ಸಂಬಳ ತರುತ್ತಿರುವರು, ಮನೆ ಕಟ್ಟುತ್ತಿರುವರು, ಮದುವೆಯಾಗುತ್ತಿರುವರು.

ಈ ವರ್ಷಗಳಲ್ಲಿ ಅವನ ನಿಜವಾದ ಸಂಪಾದನೆಯು ಪ್ರಯೋಗಶಾಲೆಯ ದಿನವಹಿಯ ಪುಸ್ತಕ. ಯಾವ ದಿನ, ಯಾವ ಪುಡಿ, ಎಷ್ಟು ತೂಕ, ಎಷ್ಟು ಉಷ್ಣತೆ, ಏನು ಕಂಡಿತು, ಏನು ಕಾಣಲಿಲ್ಲ ಎಂಬುದೆಲ್ಲವೂ ಅದರಲ್ಲಿ ಸೇರಿರಬೇಕು. ಗೆದ್ದುದನ್ನು ಬರೆದು ಸೋತದ್ದನ್ನು ಬಿಡುವಂತಿಲ್ಲ. ವ್ಯಾಪಾರಿಯ ಖಾತೆಯಲ್ಲಿ ಜಮೆಯಂತೆ ಖರ್ಚೂ ಇರಬೇಕಲ್ಲವೆ? ಹಾಗೆಯೇ ಇದು. ಮುಂದೆ ಯಾರೇ ಆಗಲಿ ಆ ಪುಸ್ತಕವನ್ನು ತೆರೆದು ಅದೇ ರೀತಿ ಮಾಡಿದರೆ ಅದೇ ಫಲವು ಬರಬೇಕು. ಬರಹವು ಹೀಗೆ ಪ್ರಾಮಾಣಿಕವಾಗಿದ್ದರೆ ಬಿರುದು ಅದಕ್ಕೆ ಶೋಭೆ ತರುವುದು. ಬರಹವು ಪೊಳ್ಳಾದರೆ ಬಿರುದು ಎಷ್ಟು ದೊಡ್ಡದಾದರೂ ನಿಲ್ಲಲಾರದು. ಇದನ್ನು ಸ್ಪಷ್ಟಪಡಿಸಲು ಇದೇ ಶಾಸ್ತ್ರಕ್ಷೇತ್ರದ ಎರಡು ಚರಿತ್ರೆಗಳನ್ನು ಹೇಳಬಹುದು. ಒಂದು ಬೆಂಗಳೂರಿನಲ್ಲಿಯೇ ನಡೆದದ್ದು. ಇನ್ನೊಂದು ಜರ್ಮನಿ ಮತ್ತು ಅಮೆರಿಕಗಳಲ್ಲಿ ನಡೆದದ್ದು.

ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಜನಿಸಿದ ಅನ್ನಾ ಮಣಿಯವರು ಎಂಟು ಮಂದಿ ಮಕ್ಕಳಲ್ಲಿ ಏಳನೆಯವರು. ಎಂಟನೆಯ ಹುಟ್ಟುಹಬ್ಬದಂದು ಮನೆಯ ಪದ್ಧತಿಯಂತೆ ವಜ್ರದ ಓಲೆಗಳನ್ನು ಕೊಡಲು ಬಂದಾಗ ಅವುಗಳನ್ನು ಒಲ್ಲೆನೆಂದು, ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರೆಂದು ಅವರ ಜೀವನಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ, ೧೯೪೦ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು ಈ ಸಂಸ್ಥೆಯನ್ನೇ. ಅಲ್ಲಿ ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ಸೇರಿಕೊಂಡರು. ಬಾಲ್ಯದಲ್ಲಿ ವಜ್ರವನ್ನು ಬೇಡವೆಂದ ಹುಡುಗಿಗೆ ಈಗ ದೊರೆತ ಸಂಶೋಧನೆಯ ವಸ್ತುಗಳು ವಜ್ರ ಮತ್ತು ಮಾಣಿಕ್ಯಗಳೇ ಆಗಿದ್ದುವು.

ಕೆಲವು ವಜ್ರಗಳು ಬೆಳಕು ಬಿದ್ದಾಗ ನೀಲಿಯಾಗಿಯೋ ಹಳದಿ ಹಸಿರಾಗಿಯೋ ತಾವೇ ಹೊಳೆಯುತ್ತವೆ, ಕೆಲವು ಹೊಳೆಯುವುದಿಲ್ಲ. ಎಲ್ಲವೂ ಇಂಗಾಲವೇ ಆಗಿರುವಾಗ ಈ ಭೇದವೇಕೆ? ಅನ್ನಾ ಮಣಿಯವರು ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ತೆಗೆದುಕೊಂಡು ಅವುಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಛಾಯಾಫಲಕಗಳ ಮೇಲೆ ಹಿಡಿದರು. ಆ ಬೆಳಕು ಬಹು ಮಂದವಾದುದರಿಂದ ಒಂದೊಂದು ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಅದನ್ನು ಹಾಯಿಸಬೇಕಾಗುತ್ತಿದ್ದಿತು. ಹರಳನ್ನು ದ್ರವವಾಯುವಿನ ಚಳಿಯಲ್ಲಿ ಇರಿಸಬೇಕಾಗುತ್ತಿದ್ದಿತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ೧೯೪೨ರಿಂದ ೧೯೪೫ರವರೆಗೆ ತಮ್ಮ ಒಬ್ಬರ ಹೆಸರಿನಲ್ಲಿಯೇ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿ, ೧೯೪೫ರ ಆಗಸ್ಟಿನಲ್ಲಿ ತಮ್ಮ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಆ ಕಾಲದಲ್ಲಿ ಬೆಂಗಳೂರಿನ ಸಂಸ್ಥೆಗೆ ತಾನಾಗಿ ಪದವಿ ಕೊಡುವ ಅಧಿಕಾರವಿರಲಿಲ್ಲ. ವಿಶ್ವವಿದ್ಯಾನಿಲಯಕ್ಕೆ ಸಮಾನವೆಂಬ ಮನ್ನಣೆಯು ಅದಕ್ಕೆ ದೊರೆತದ್ದು ೧೯೫೮ರಲ್ಲಿ. ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಎಂ.ಎಸ್‌ಸಿ. ಪದವಿಯಿಲ್ಲದವರು ಪಿಎಚ್.ಡಿ.ಗೆ ಅರ್ಹರಲ್ಲವೆಂಬುದೇ ಅದು ಕೊಟ್ಟ ಕಾರಣ.

ಐದು ವರ್ಷಗಳ ದುಡಿಮೆಗೆ ಇಂತಹ ಉತ್ತರ ಬಂದಾಗ ಎಂತಹವರಿಗೂ ಎದೆಗುಂದದಿರದು. ಅನ್ನಾ ಮಣಿಯವರಾದರೋ ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದುಕೊಂಡು ಹವಾಮಾನವನ್ನು ಅಳೆಯುವ ಉಪಕರಣಗಳ ವಿದ್ಯೆಯನ್ನು ಕಲಿತರು. ೧೯೪೮ರಲ್ಲಿ ಹಿಂತಿರುಗಿ ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಅವು ಈ ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ೧೯೭೬ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಭಾರತದಲ್ಲಿ ಬೀಳುವ ಸೂರ್ಯಶಕ್ತಿಯ ಲೆಕ್ಕವನ್ನು ಒಳಗೊಂಡ ಅವರ ಗ್ರಂಥಗಳು ೧೯೮೦ ಮತ್ತು ೧೯೮೧ರಲ್ಲಿ ಹೊರಬಂದುವು. ೨೦೦೧ರಲ್ಲಿ ಅವರು ತೀರಿಕೊಂಡರು. ಪದವಿ ಪಡೆಯದ ಆ ಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಇತರ ಪ್ರಬಂಧಗಳ ಸಾಲಿನಲ್ಲಿಯೇ ಸ್ಥಾನ ಪಡೆಯಿತು. ಬಹುತೇಕ ವಜ್ರಗಳಲ್ಲಿ ಸಾರಜನಕದ ಪರಮಾಣುಗಳು ಸೇರಿಕೊಂಡಿರುತ್ತವೆಯೆಂಬುದು ೧೯೫೯ರಲ್ಲಿ ಗೊತ್ತಾಯಿತು. ಅವುಗಳ ಹೊಳಪಿನ ರಹಸ್ಯವು ಅಲ್ಲಿಂದ ಮುಂದೆ ಒಂದೊಂದಾಗಿ ಬಿಡಿಸಿಕೊಂಡಿತು. ಪ್ರಶ್ನೆಯನ್ನು ಹಿಡಿದು ಕಂಡದ್ದನ್ನು ನಿಷ್ಠೆಯಿಂದ ದಾಖಲಿಸಿದವರಲ್ಲಿ ಅವರು ಮೊದಲ ಸಾಲಿನವರು.

ಇನ್ನೊಂದು ಚರಿತ್ರೆಯು ಇದಕ್ಕೆ ತದ್ವಿರುದ್ಧವಾದುದು. ಯಾನ್ ಹೆಂಡ್ರಿಕ್ ಶೋನ್ ಎಂಬ ಜರ್ಮನ್ ತರುಣನು ಕಾನ್‌ಸ್ಟನ್ಸ್ ವಿಶ್ವವಿದ್ಯಾನಿಲಯದಲ್ಲಿ ೧೯೯೭ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದನು. ಇಂಗಾಲದ ಸಂಯುಕ್ತಗಳ ಹರಳುಗಳಿಂದ ಹಿಂದೆಂದೂ ಕಾಣದ ವಿದ್ಯುತ್ ಗುಣಗಳನ್ನು ಹೊರಡಿಸಿದೆನೆಂದೂ, ಒಂದೇ ಅಣುವಿನಷ್ಟು ದಪ್ಪದ ಟ್ರಾನ್ಸಿಸ್ಟರನ್ನು ಮಾಡಿದೆನೆಂದೂ ಲೇಖನಗಳ ಮೇಲೆ ಲೇಖನಗಳನ್ನು ಪ್ರಕಟಿಸಿದನು. ೨೦೦೧ರಲ್ಲಿ ಸರಾಸರಿ ಎಂಟು ದಿನಗಳಿಗೆ ಒಂದರಂತೆ ಅವನ ಹೆಸರಿನ ಲೇಖನಗಳು ಬರುತ್ತಿದ್ದುವು. ಬಹುಮಾನಗಳು ಬಂದುವು, ನೊಬೆಲ್ ಪಾರಿತೋಷಕಕ್ಕೂ ಅವನು ಅರ್ಹನೆಂದು ಮಾತು ಹಬ್ಬಿತು. ಆದರೆ ಅವನು ಹೇಳಿದ ಫಲವು ಬೇರೆ ಯಾವ ಪ್ರಯೋಗಶಾಲೆಯಲ್ಲಿಯೂ ಬರಲಿಲ್ಲ. ತಮ್ಮ ಕೈಯಲ್ಲಿಯೇ ದೋಷವಿರಬೇಕೆಂದು ತಿಳಿದು, ಅನೇಕ ಕಡೆಗಳ ಸಂಶೋಧಕರು ಅದನ್ನು ಮರಳಿ ಮಾಡುವ ಪ್ರಯತ್ನದಲ್ಲಿ ಕಾಲವನ್ನೂ ಹಣವನ್ನೂ ಕಳೆದುಕೊಂಡರು.

೨೦೦೨ರಲ್ಲಿ ಪ್ರಿನ್ಸ್‌ಟನ್ನಿನ ಲಿಡಿಯಾ ಸೋನ್, ಕಾರ್ನೆಲಿನ ಪಾಲ್ ಮೆಕ್ಯೂಯೆನ್ ಮೊದಲಾದವರು ಅವನ ನಕ್ಷೆಗಳನ್ನು ಹೋಲಿಸಿ ನೋಡಿದರು. ಯಾವ ಅಳತೆಯಲ್ಲಿಯಾದರೂ ಉಪಕರಣದ ಸಣ್ಣ ನಡುಕವೊಂದು ಸೇರಿಯೇ ಇರುವುದು. ಒಂದು ಹಿಡಿ ಕಾಳನ್ನು ನೆಲಕ್ಕೆ ಎರಚಿದರೆ ಎರಡು ಸಲವೂ ಒಂದೇ ತೆರನಾಗಿ ಬೀಳುವುದಿಲ್ಲವಷ್ಟೆ. ಆ ನಡುಕವೂ ಹಾಗೆಯೇ ಪ್ರತಿಸಲವೂ ಬೇರೆಯಾಗಿರಬೇಕು. ಶೋನನ ಬೇರೆ ಬೇರೆ ಪ್ರಯೋಗಗಳ ನಕ್ಷೆಗಳಲ್ಲಿ ಅದು ಗೆರೆಗೆ ಗೆರೆ ಒಂದೇ ಆಗಿದ್ದಿತು. ಸ್ಟ್ಯಾನ್‌ಫರ್ಡಿನ ಮಾಲ್ಕಮ್ ಬೀಸ್ಲಿ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯು ನೇಮಕವಾಗಿ ದಿನವಹಿಯ ಪುಸ್ತಕಗಳನ್ನು ಕೇಳಿತು, ಸರಿಯಾದ ಪುಸ್ತಕಗಳಿರಲಿಲ್ಲ. ಗಣಕದಲ್ಲಿದ್ದ ಮೂಲ ಅಂಕಿಗಳನ್ನು ಕೇಳಿತು. ಜಾಗವಿಲ್ಲದ್ದರಿಂದ ಅಳಿಸಿಹಾಕಿದೆನೆಂಬ ಉತ್ತರ ಬಂದಿತು. ಹರಳುಗಳನ್ನು ಕೇಳಿತು, ಅವು ಕೆಟ್ಟುಹೋಗಿದ್ದುವು ಇಲ್ಲವೆ ಬಿಸಾಡಲ್ಪಟ್ಟಿದ್ದುವು. ಇಪ್ಪತ್ತನಾಲ್ಕು ಆಪಾದನೆಗಳಲ್ಲಿ ಹದಿನಾರು ಸಿದ್ಧವಾದುವೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಸಮಿತಿಯು ವರದಿ ಮಾಡಿತು. ೨೦೦೪ರಲ್ಲಿ ಕಾನ್‌ಸ್ಟನ್ಸ್ ವಿಶ್ವವಿದ್ಯಾನಿಲಯವು ತಾನು ಕೊಟ್ಟ ಪದವಿಯನ್ನು ಹಿಂತೆಗೆದುಕೊಂಡಿತು. ಆ ಪದವಿಯ ಪ್ರಬಂಧದಲ್ಲಿ ವಂಚನೆಯು ಕಂಡುಬಂದಿರಲಿಲ್ಲವಾದರೂ, ಅನಂತರದ ನಡತೆಯಿಂದ ಅವನು ಆ ಬಿರುದಿಗೆ ಅನರ್ಹನಾದನೆಂಬುದೇ ಕಾರಣ. ಮೊಕದ್ದಮೆಯು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಏರಿ, ೨೦೧೪ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆಯೂ ಅವನಿಗೆ ಸೋಲಾಯಿತು.

ಈ ಎರಡು ಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಬ್ಬರಿಗೆ ಬರಹವಿದ್ದಿತು, ಬಿರುದು ಬರಲಿಲ್ಲ; ಇನ್ನೊಬ್ಬನಿಗೆ ಬಿರುದು ಬಂದಿತು, ಬರಹವು ಸುಳ್ಳಾಯಿತು. ಕಾಲವು ಯಾವುದನ್ನು ಉಳಿಸಿತೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹಾಗೆಂದ ಮಾತ್ರಕ್ಕೆ ಬಿರುದು ನಿರರ್ಥಕವೆಂದು ತಿಳಿಯಬಾರದು. ಅಧ್ಯಾಪಕ ವೃತ್ತಿಗೂ ಸಂಶೋಧನಾಲಯಗಳ ಹುದ್ದೆಗಳಿಗೂ ಅದು ಬಾಗಿಲಿನ ಕೀಲಿಕೈ. ಅರ್ಹರಾದವರಿಗೆ ನಿಯಮದ ಅಕ್ಷರವೊಂದನ್ನು ಹಿಡಿದು ಅದನ್ನು ತಪ್ಪಿಸಿದ್ದು ಅನ್ಯಾಯವೇ ಸರಿ. ಆ ನಿಯಮವೂ ಈಗ ಸಡಿಲವಾಗಿದೆ: ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೨ರ ವಿಧಿಗಳ ಮೇರೆಗೆ ನಾಲ್ಕು ವರ್ಷಗಳ ಬ್ಯಾಚಲರ್ ಪದವಿಯನ್ನು ನೂರಕ್ಕೆ ಎಪ್ಪತ್ತೈದು ಅಂಕಗಳೊಡನೆ ಮುಗಿಸಿದವರು ಎಂ.ಎಸ್‌ಸಿ. ಇಲ್ಲದೆಯೂ ಪಿಎಚ್.ಡಿ.ಗೆ ಸೇರಬಹುದು. ೧೯೪೫ರಲ್ಲಿ ಮುಚ್ಚಿದ್ದ ಬಾಗಿಲು ಹೀಗೆ ತೆರೆಯಲು ಎಪ್ಪತ್ತೇಳು ವರ್ಷಗಳು ಹಿಡಿದುವು.

ಇನ್ನು ಮನೆಯವರು ಕೇಳುವ ಹಣದ ಮಾತು. ಹಿಂದೆ ಸಂಶೋಧನೆಯೆಂದರೆ ಮನೆಯ ದುಡ್ಡನ್ನು ಕರಗಿಸುವುದೆಂಬ ಭಾವನೆಯಿತ್ತು. ಗೇಟ್ ಅಥವಾ ನೆಟ್ ಪರೀಕ್ಷೆಯಲ್ಲಿ ಗೆದ್ದು ಫೆಲೋಷಿಪ್ ಪಡೆದವರಿಗೆ ಆ ಭಯವು ಬಹುಮಟ್ಟಿಗೆ ಇಲ್ಲ. ಕೇಂದ್ರ ಸರ್ಕಾರವು ೨೦೨೩ರ ಜನವರಿ ೧ರಿಂದ ಜಾರಿಗೆ ತಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦ ರೂಪಾಯಿ ನಿಗದಿಯಾಯಿತು. ಇದರಿಂದ ಸಂಸಾರವನ್ನು ಮೇಲೆತ್ತಲಾಗದು. ಒಬ್ಬ ವಿದ್ಯಾರ್ಥಿಯು ಮನೆಗೆ ಭಾರವಾಗದೆ ಮಿತವಾಗಿ ಬಾಳಬಹುದು. ಫೆಲೋಷಿಪ್ ಇಲ್ಲದೆ ಸೇರುವವರು ಮಾತ್ರ ಎರಡು ಸಲ ಯೋಚಿಸಬೇಕು. ಕಾಲದ ವಿಷಯದಲ್ಲಿಯೂ ಭ್ರಮೆ ಇರಬಾರದು. ಆಯೋಗದ ವಿಧಿಗಳು ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂದು ಹೇಳುತ್ತವೆ. ಪ್ರಯೋಗವನ್ನು ಅವಲಂಬಿಸಿದ ಈ ಶಾಸ್ತ್ರದಲ್ಲಿ ಮೂರು ವರ್ಷದಲ್ಲಿ ಮುಗಿಸುವವರು ವಿರಳ. ಮನೆಯವರು ಐದು ವರ್ಷವೆಂದೇ ಲೆಕ್ಕವಿಟ್ಟುಕೊಳ್ಳುವುದು ಲೇಸು.

ಎಲ್ಲಿ ಸೇರಬೇಕೆಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಉತ್ತರಗಳು ಕಡಿಮೆಯಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ೧೯೮೯ರಲ್ಲಿ ಆರಂಭವಾದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ, ಮಂಗಳೂರು ವಿಶ್ವವಿದ್ಯಾನಿಲಯ, ಇವೆಲ್ಲವುಗಳಲ್ಲಿಯೂ ಈ ಶಾಸ್ತ್ರದ ವ್ಯಾಸಂಗವುಂಟು. ಆದರೆ ಸಂಸ್ಥೆಯ ಹೆಸರಿಗಿಂತಲೂ ಮಾರ್ಗದರ್ಶಕರ ಆಯ್ಕೆಯು ಮುಖ್ಯವಾದುದು. ಐದು ವರ್ಷ ಯಾರ ಕೈಕೆಳಗೆ ದುಡಿಯಬೇಕೋ ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಮುಗಿಸಿದರು, ನಡುವೆ ಬಿಟ್ಟುಹೋದವರೆಷ್ಟು, ಪ್ರಯೋಗವು ವಿಫಲವಾದಾಗ ಆ ಗುರುಗಳು ಏನನ್ನುವರು ಎಂಬುದನ್ನು ಈಗಿನ ವಿದ್ಯಾರ್ಥಿಗಳಿಂದಲೇ ವಿಚಾರಿಸಬೇಕು. ಬಯಸಿದ ಫಲವೇ ಬರಬೇಕೆಂದು ಒತ್ತಾಯಿಸುವ ಗುರುವಿಗಿಂತ, ಬಂದ ಫಲವನ್ನು ಇದ್ದಂತೆ ತೋರಿಸೆನ್ನುವ ಗುರುವು ನೂರು ಪಾಲು ಮೇಲು. ಶೋನನ ಚರಿತ್ರೆಯನ್ನು ಬಲ್ಲವರಿಗೆ ಇದರ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಮನೆಯವರಿಗೆ ಎರಡು ಬಿನ್ನಹಗಳು. ಮೊದಲನೆಯದು: ಪ್ರತಿಸಲ ಊರಿಗೆ ಬಂದಾಗಲೂ "ಯಾವಾಗ ಮುಗಿಯುವುದು?" ಎಂದು ಕೇಳುವುದಕ್ಕೆ ಬದಲಾಗಿ, "ಈಗ ಏನನ್ನು ಹುಡುಕುತ್ತಿರುವೆ?" ಎಂದು ಕೇಳಿ ನೋಡಬೇಕು. ತನ್ನ ಕೆಲಸವನ್ನು ತಾಯಿಗೆ ತಿಳಿಯುವಂತೆ ತಾಯಿನುಡಿಯಲ್ಲಿ ವಿವರಿಸಿದ ವಿದ್ಯಾರ್ಥಿಗೆ ಆ ಕೆಲಸವು ಇನ್ನೂ ಚೆನ್ನಾಗಿ ಅರ್ಥವಾಗುವುದು; ಅವನ ಒಂಟಿತನವೂ ತಗ್ಗುವುದು. ಎರಡನೆಯದು ಹೆಣ್ಣುಮಕ್ಕಳ ವಿಷಯ. ಮದುವೆಯ ವಯಸ್ಸು ಮೀರುವುದೆಂಬ ಒಂದೇ ಕಾರಣದಿಂದ ಬುದ್ಧಿವಂತೆಯಾದ ಮಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕರೆಯುವುದು ಸಲ್ಲದು. ಸ್ತ್ರೀಯರಿಗೆ ಗರಿಷ್ಠ ಅವಧಿಯ ಮೇಲೆ ಇನ್ನೂ ಎರಡು ವರ್ಷಗಳ ವಿನಾಯಿತಿಯನ್ನೂ, ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು ೨೪೦ ದಿನಗಳವರೆಗೆ ರಜೆಯನ್ನೂ ಅದೇ ೨೦೨೨ರ ವಿಧಿಗಳು ಕೊಟ್ಟಿವೆ. ಮದುವೆಯಾದ ಮೇಲೆಯೂ ಓದು ಮುಂದುವರಿಯಬಹುದು. ಮುಂದುವರಿಸುವ ಮನಸ್ಸು ಎರಡು ಮನೆಗಳಿಗೂ ಇರಬೇಕು.

ವಿದ್ಯಾರ್ಥಿಗಳಿಗೆ ಹೇಳತಕ್ಕದ್ದು ಇಷ್ಟು. ಬಿರುದಿನ ಆಸೆಯೊಂದರಿಂದಲೇ ಈ ದಾರಿಗೆ ಬರುವವರು ಎರಡನೆಯ ವರ್ಷದ ಬರಗಾಲವನ್ನು ದಾಟಲಾರರು. ಒಂದು ವಸ್ತುವು ಏಕೆ ಹೀಗಿದೆ ಎಂಬ ಪ್ರಶ್ನೆಯು ನಿದ್ದೆಗೆಡಿಸುವಂತಿದ್ದರೆ ಬರಬೇಕು. ಬಂದ ಮೇಲೆ ಈ ಕೆಲಸವು ತಮ್ಮದಲ್ಲವೆಂದು ಪ್ರಾಮಾಣಿಕವಾಗಿ ಅನಿಸಿದರೆ, ಬಿಟ್ಟು ಬೇರೆ ಉದ್ಯೋಗವನ್ನು ಹಿಡಿಯುವುದರಲ್ಲಿ ಅವಮಾನವಿಲ್ಲ. ಊರವರೂ ಅದನ್ನು ಸೋಲೆಂದು ಆಡಿಕೊಳ್ಳಬಾರದು. ಆದರೆ ಉಳಿದುಕೊಂಡವರು, ಬಾರದ ಫಲವನ್ನು ಬಂದಿತೆಂದು ಎಂದಿಗೂ ಬರೆಯಬಾರದು. ಒಂದು ಅಂಕಿಯನ್ನು ತಿದ್ದಿದರೆ ಯಾರಿಗೂ ತಿಳಿಯದೆಂದು ಒಂದು ರಾತ್ರಿ ಮನಸ್ಸು ಹೇಳಬಹುದು. ಆ ಅಂಕಿಯನ್ನು ನಂಬಿ ದೂರದ ಊರಿನಲ್ಲಿ ಇನ್ನೊಬ್ಬ ಬಡ ವಿದ್ಯಾರ್ಥಿಯು ತನ್ನ ಎರಡು ವರ್ಷಗಳನ್ನು ಕಳೆಯುವನೆಂಬುದನ್ನು ಆ ಹೊತ್ತಿನಲ್ಲಿ ನೆನೆಯಬೇಕು.

ಸೇತುವೆಯ ಉಕ್ಕು, ವಿಮಾನದ ರೆಕ್ಕೆಯ ಲೋಹ, ಮೂಳೆ ಮುರಿದವರಿಗೆ ವೈದ್ಯರು ಇಡುವ ಸಲಾಕೆ, ಮಳೆಯಿಲ್ಲದ ಊರಿನ ಪಂಪಿಗೆ ಶಕ್ತಿ ಕೊಡುವ ಸೌರಫಲಕ, ಇವೆಲ್ಲವೂ ಎಲ್ಲಿಯೋ ಯಾರೋ ಸರಿಯಾಗಿ ಅಳೆದು ಸರಿಯಾಗಿ ಬರೆದಿಟ್ಟ ಅಂಕಿಗಳ ಮೇಲೆ ನಿಂತಿವೆ. ಸೇತುವೆಯನ್ನು ದಾಟುವವರು ಆ ಅಂಕಿಯನ್ನು ಬರೆದವರ ಹೆಸರನ್ನು ಕೇಳುವುದಿಲ್ಲ, ಅವರಿಗೆ ಯಾವ ಬಿರುದಿತ್ತೆಂದೂ ಕೇಳುವುದಿಲ್ಲ; ಸೇತುವೆಯು ನಿಂತಿದೆಯೆಂದು ನಂಬಿ ಮಕ್ಕಳನ್ನು ಕರೆದುಕೊಂಡು ನಡೆಯುತ್ತಾರೆ. ಆ ನಂಬಿಕೆಗೆ ತಕ್ಕವರಾಗುವಂತೆ ತರುಣರನ್ನು ಪಳಗಿಸುವುದಕ್ಕೆ ಐದು ವರ್ಷಗಳು ಹೆಚ್ಚಲ್ಲವೆಂದು ಹಿರಿಯರು ಮನಗಂಡು, ಯೋಗ್ಯರಾದ ಮಕ್ಕಳನ್ನು ಹರಸಿ ಕಳುಹಿಸಿಕೊಡಬೇಕೆಂಬುದೇ ಈ ಸಭೆಯ ಮುಂದಿಡುವ ಪ್ರಾರ್ಥನೆ.